ಬಾಗಿಲು ಹಾಕುವ ಕೈ

ಕಾರು ಮಾರಬೇಕೋ ಬೇಡವೋ ಎಂಬುದನ್ನು ಅದರ ಬಾಗಿಲೇ ತೀರ್ಮಾನಿಸಲಿ ಎಂದು ನಾನೂ ಅಮ್ಮನೂ ಒಪ್ಪಿಕೊಂಡಿದ್ದೆವು. ಷರತ್ತು ನನ್ನದು. ರಿಪೇರಿಯಾದ ಮೇಲೆ ಅಮ್ಮ ಡ್ರೈವರ್ ಸೀಟಿನಲ್ಲಿ ಕೂತು, ಯಾರ ಸಹಾಯವೂ ಇಲ್ಲದೆ, ತನ್ನ ಬಲಗೈಯಿಂದಲೇ ಬಾಗಿಲು ಎಳೆದು ಸರಿಯಾಗಿ ಹಾಕಿಕೊಳ್ಳಬೇಕು. ಆಗದಿದ್ದರೆ ಭಾನುವಾರ ಮೀಸೆಯವರು ಬಂದು ಕಾರು ತೆಗೆದುಕೊಂಡು ಹೋಗುತ್ತಾರೆ. ಮೀಸೆಯವರೆಂದರೆ ಹಳೆಯ ಕಾರುಗಳನ್ನು ಕೂಡಿಡುವ ನಮ್ಮ ಪರಿಚಯದವರು.

ಅಮ್ಮ ಹೆರಿಗೆ ನರ್ಸ್ ಆಗಿದ್ದವಳು. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದಾಗಲೆಲ್ಲ ಈ ಕಾರಿನಲ್ಲೇ ಹೋಗಿದ್ದಾಳೆ. ಹೋದ ವರ್ಷ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಲ ಮಾತ್ರ ಮರಳಲಿಲ್ಲ. ಕಾರಿನ ಬಾಗಿಲಿನ ರಬ್ಬರು ಒಣಗಿ ಕಟ್ಟಿಗೆಯಂತಾಗಿತ್ತು, ಜೋರಾಗಿ ಬಡಿಯದಿದ್ದರೆ ಬಾಗಿಲು ಕೂರುತ್ತಿರಲಿಲ್ಲ. ಒಂದು ದಿನ ತಿರುವಿನಲ್ಲಿ ಅಮ್ಮನ ಕಡೆಯದು ತಾನಾಗಿಯೇ ತೆರೆದುಕೊಂಡಿತು. ಪಕ್ಕದ ಸೀಟಿನಲ್ಲಿದ್ದ ನಾನು ಅಮ್ಮನ ಸೆರಗು ಹಿಡಿದು ಎಳೆದೆ. ಮಾತಿಲ್ಲದೆ ಮನೆಗೆ ಬಂದೆವು. ಆ ಮೌನ ಎಂಟು ದಿನ ನಡೆಯಿತು. ಊಟಕ್ಕೆ ಕೂತಾಗ ಉಪ್ಪು ಬೇಕೆನಿಸಿದರೆ ಡಬ್ಬಿ ತಾನಾಗಿ ನನ್ನ ಕಡೆ ಸರಿಯುತ್ತಿತ್ತು, ಅಷ್ಟೇ.

ಒಂಬತ್ತನೆಯ ದಿನ ನಾನು ಆ ಷರತ್ತು ಹೇಳಿದೆ, ಅಮ್ಮ ಒಪ್ಪಿದಳು; ನಮ್ಮ ಬೀದಿಯ ಕೊನೆಯಲ್ಲಿರುವ ಗಾಡಿ ರಿಪೇರಿ ಮೇಸ್ತ್ರಿಯ ಶೆಡ್ಡಿಗೆ ಕಾರು ಹೋಯಿತು. ಮೇಸ್ತ್ರಿ ಹೆಚ್ಚು ಮಾತಿನವರಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಕುಕ್ಕರುಗಾಲಲ್ಲಿ ಕೂತು, ಬಾಗಿಲಿನ ಕೆಳಗಿನ ಅಂಚಿನಲ್ಲಿ ಗುಳ್ಳೆ ಎದ್ದಿದ್ದ ಬಣ್ಣವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬಣ್ಣ ಹಪ್ಪಳದಂತೆ ಮುರಿದು ಕೆಂಪು ಪುಡಿ ಉದುರಿತು.

"ತುಕ್ಕು ಎಷ್ಟು ತಿಂದಿದೆ ಮೇಸ್ತ್ರಿಗಳೇ?" ಅಮ್ಮ ಕೇಳಿದಳು.

ಅವರು ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಚುಚ್ಚಿದರು. ಎಲ್ಲಿಯೂ ತೂತು ಬೀಳಲಿಲ್ಲ. "ಚರ್ಮ ಮಾತ್ರ ಸಿಸ್ಟರಮ್ಮ. ಮೂಳೆಗೆ ಇಳಿದಿಲ್ಲ."

"ನನಗಿಂತ ವಾಸಿ ಬಿಡಿ."

ನಾಲ್ಕು ದಿನ ನಾವಿಬ್ಬರೂ ಅಲ್ಲಿ ಸ್ಟೂಲು ಹಾಕಿಕೊಂಡು ಕೂತೆವು. ನನ್ನ ತೊಡೆಯ ಮೇಲೆ ಪುಸ್ತಕವಿತ್ತು, ಒಂದು ಪುಟವೂ ಮುಂದೆ ಹೋಗಲಿಲ್ಲ. ಹಳೆಯ ರಬ್ಬರು ಕಿತ್ತಾಗ ತುಕ್ಕಿನ ಮೂಲ ಕಂಡಿತು. ಬಿರುಕಿನಲ್ಲಿ ಇಳಿದ ನೀರು ರಬ್ಬರಿನ ಅಡಿಯಲ್ಲೇ ವರ್ಷಗಟ್ಟಲೆ ನಿಂತಿತ್ತು. ಬಾಗಿಲಿನ ತಳದಲ್ಲಿ ನೀರು ಹೋಗಲೆಂದೇ ಇರುವ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿಹೋಗಿದ್ದವು. ಮೇಸ್ತ್ರಿ ತಂತಿ ಹಾಕಿ ಒಂದೊಂದನ್ನೂ ಬಿಡಿಸಿದರು. ತಂತಿಬ್ರಷ್ಷಿನಿಂದ ಉಜ್ಜಿ, ಎಮರಿ ಕಾಗದದಿಂದ ಬೆಳ್ಳಗಿನ ತಗಡು ಕಾಣುವವರೆಗೂ ತಿಕ್ಕಿ, ತುಕ್ಕು ಕೊಲ್ಲುವ ದ್ರವ ಹಚ್ಚಿದರು. ಅದು ಕಪ್ಪಾಗುವವರೆಗೆ ಕೈಕಟ್ಟಿ ಸುಮ್ಮನೆ ನಿಂತರು. ಹಾಗೆ ಕಾಯಬಲ್ಲವರನ್ನು ನಾನು ಹೆಚ್ಚು ನೋಡಿಲ್ಲ. ಆಮೇಲೆ ಪ್ರೈಮರು, ಅದರ ಮೇಲೆ ಬಣ್ಣ. ಹಳೆಯ ಹಸಿರು ಎಲ್ಲಿ ಮುಗಿಯಿತು, ಹೊಸತು ಎಲ್ಲಿ ಶುರುವಾಯಿತು ಎಂದು ಹುಡುಕಿದೆ. ಸಿಗಲಿಲ್ಲ.

ಕೊನೆಗೆ ಹೊಸ ರಬ್ಬರು. ಅದನ್ನು ಸ್ವಲ್ಪ ಎಳೆದು ಕೂರಿಸಿದರೆ ಬೇಗ ಮುಗಿಯುತ್ತಲ್ಲವೇ ಎಂದು ಕೇಳಿದೆ.

"ಎಳೆದ್ರೆ ಇವತ್ತು ಬರುತ್ತಮ್ಮ. ನಾಳೆ ಕುಗ್ಗಿ ಮೂಲೆ ಬಿಡುತ್ತೆ. ಅದರ ಪಾಡಿಗೆ ಅದು ಮಲಗ್ಬೇಕು."

ಇಂಚಿಂಚಾಗಿ ಹೆಬ್ಬೆರಳಿನಿಂದ ಒತ್ತುತ್ತ, ಮೂಲೆಗಳಲ್ಲಿ ಕೊಂಚ ಹೆಚ್ಚೇ ಬಿಟ್ಟುಕೊಟ್ಟು, ಎರಡು ತುದಿಗಳನ್ನು ತಳದಲ್ಲಿ ಸೇರಿಸಿದರು. ನಾಲ್ಕು ಬಾಗಿಲುಗಳಿಗೂ ಹೀಗೇ. ನಂತರ ಒಂದು ಕಾಗದದ ಚೂರನ್ನು ಸಂದಿಗೆ ಇಟ್ಟು ಬಾಗಿಲು ಹಾಕಿ, ಕಾಗದ ಎಳೆದು ನೋಡಿದರು. ಎಲ್ಲಿ ಇಟ್ಟರೂ ಅದು ಬಿಗಿಯಾಗಿ ಹಿಡಿದುಕೊಂಡಿತು. ತಾವು ಒಳಗೆ ಕೂತು, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲು ನನಗೆ ಹೇಳಿದರು. ನೀರು ಹರಿಯುವ ಗಾಜಿನಾಚೆ ಅವರ ಬೆರಳು ಮೂಲೆಯಿಂದ ಮೂಲೆಗೆ ಓಡಾಡುತ್ತಿತ್ತು. ಹೊರಗೆ ಬಂದು ಅಂಗೈ ತೋರಿಸಿದರು. ಒಂದು ಹನಿಯೂ ಇರಲಿಲ್ಲ. ಷರತ್ತು ಹಾಕಿದವಳು ನಾನೇ ಆದರೂ ಆ ಹೊತ್ತಿಗೆ ಅಮ್ಮನೇ ಗೆಲ್ಲಲಿ ಎನ್ನಿಸಿತ್ತು.

ಅಮ್ಮ ಸೆರಗು ಸಿಕ್ಕಿಸಿಕೊಂಡು ಸೀಟಿನಲ್ಲಿ ಕೂತಳು. ಬಾಗಿಲು ಎಳೆದಳು. ಅದು ಮೆಲ್ಲಗೆ ಬಂದು ಕೊಂಡಿಯ ಮೊದಲ ಹಲ್ಲಿಗೆ ಮಾತ್ರ, ಅರ್ಧಕ್ಕೇ ಕೂತಿತು. ತೆಗೆದು ಮತ್ತೆ ಎಳೆದಳು. ಮತ್ತೆ ಅಷ್ಟೇ. ಮೂರನೆಯ ಸಲಕ್ಕೆ ಅವಳ ತುಟಿ ಬಿಗಿಯಿತು. ನನ್ನ ಕೈ ತಾನಾಗಿ ಬಾಗಿಲಿನ ಕಡೆ ಹೋಯಿತು.

"ಮುಟ್ಟಬೇಡ," ಎಂದಳು ಅಮ್ಮ.

ಮೇಸ್ತ್ರಿ ಬಗ್ಗಿ ಕೊಂಡಿ ನೋಡಿದರು. ತಾವೇ ಹೊರಗಿನಿಂದ ತಳ್ಳಿದರು, ಸಲೀಸಾಗಿ ಕೂತಿತು. "ಕೊಂಡೀಲಿ ಏನೂ ಇಲ್ಲ. ರಬ್ಬರು ಹೊಸತು ಸಿಸ್ಟರಮ್ಮ. ಒಂದು ತಿಂಗಳಲ್ಲಿ ಪಳಗುತ್ತೆ."

"ತಿಂಗಳೆಲ್ಲಿದೆ ಮೇಸ್ತ್ರಿಗಳೇ? ಭಾನುವಾರಕ್ಕೆ ಉಳಿದಿರೋದು ಎರಡು ದಿನ. ಇವಳ ಮಾತು ಅಂದ್ರೆ ಮಾತು."

ಒಂದು ತಿಂಗಳು ತಗೋ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಮ್ಮ ಎಡಗೈ ಬೆರಳೆತ್ತಿ ತಡೆದಳು. ಬಾಗಿಲನ್ನು ಈ ಬಾರಿ ತೀರಾ ನಿಧಾನವಾಗಿ ಎಳೆಯತೊಡಗಿದಳು. ಬಸುರಿಯ ಹೊಟ್ಟೆಗೆ ಕಿವಿಗೊಟ್ಟಾಗ ಅವಳ ಮುಖ ಹೀಗೇ ಇರುತ್ತಿತ್ತೇನೋ.

"ಕಿವಿ ಅದುಮ್ತಿದೆ," ಎಂದಳು.

"ಏನಂದ್ರಿ?"

"ಕೊನೇಲಿ ಕಿವಿ ಅದುಮ್ತಿದೆ ಅಂದೆ. ಕೊಂಡಿ ತಡೀತಿಲ್ಲ ಮೇಸ್ತ್ರಿಗಳೇ, ಗಾಳಿ ತಡೀತಿದೆ. ಬಾಗಿಲು ಒಳಗೆ ದೂಡೋ ಗಾಳಿ ಎಲ್ಲಿಗೆ ಹೋಗ್ಬೇಕು? ನೀವು ಒಂದು ಸಂದೀನಾದ್ರೂ ಬಿಟ್ಟಿದ್ದೀರಾ?"

ಎಡಗೈಯನ್ನು ಅಡ್ಡ ಚಾಚಿ ಹಿಡಿ ತಿರುಗಿಸಿ ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿದಳು. ಬಲಗೈಯಿಂದ ಎಳೆದಳು. ಯಾರೋ ದಪ್ಪ ಪುಸ್ತಕ ಮುಚ್ಚಿದಂಥ ಒಂದು ಸಣ್ಣ ಸದ್ದು. ಬಾಗಿಲು ಪೂರ್ತಿ ಕೂತಿತ್ತು.

ಮೇಸ್ತ್ರಿ ಹಣೆ ಚಚ್ಚಿಕೊಂಡರು. ಅವರು ಅಷ್ಟು ದೊಡ್ಡದಾಗಿ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ. "ನನ್ನ ಹತ್ರ ಬರೋದೆಲ್ಲ ಸೋರೋ ಕಾರು ಸಿಸ್ಟರಮ್ಮ. ಸೋರದೇ ಇರೋದನ್ನ ಮುಚ್ಚೋದು ಹೇಗೆ ಅಂತ ನನಗೇನು ಗೊತ್ತು!"

"ಅಷ್ಟು ಚೆನ್ನಾಗಿ ಮಾಡಿದ್ದೇ ನಿಮ್ಮ ತಪ್ಪು."

ನಾನು ಬಾಗಿಲಿನ ಅಂಚು ಹಿಡಿದು ಬಲವಾಗಿ ಅಲುಗಿಸಿದೆ. ಬಂಡೆಯಂತಿತ್ತು. ಅಮ್ಮ ತೆರೆದ ಗಾಜಿನ ಸಂದಿಯಿಂದ ನನ್ನನ್ನು ನೋಡಿದಳು. "ಇನ್ನೇನಾದ್ರೂ ಷರತ್ತು ಇದ್ರೆ ಈಗಲೇ ಹೇಳಿಬಿಡು ತಾಯಿ."

"ಕಿಟಕಿ ಇಳಿಸ್ಬಾರದು ಅಂತ ನಾನು ಹೇಳಿರಲಿಲ್ಲ," ಎಂದೆ. "ಮೀಸೆಯವರಿಗೆ ನಾನೇ ಫೋನ್ ಮಾಡ್ತೀನಿ."

ಅಮ್ಮ ಕಾರಿನ ಕೀ ತಿರುಗಿಸಿದಳು. ನಾನು ಆಚೆ ಬದಿಗೆ ಹೋಗಿ ಅವಳ ಪಕ್ಕ ಕೂತು, ಇಷ್ಟು ವರ್ಷದ ಅಭ್ಯಾಸದಂತೆ ಬಾಗಿಲನ್ನು ದಢಾರನೆ ಎಳೆದೆ.

"ಮೆಲ್ಲಗೆ!" ಎಂದು ಅಮ್ಮನೂ ಮೇಸ್ತ್ರಿಯೂ ಒಟ್ಟಿಗೇ ಕೂಗಿದರು.