ಮೂರನೆಯ ಪಾಠದವರೆಗೆ

ವಿಲ್ಮಾ ಪಕ್ಕದಲ್ಲಿದ್ದ ಲೊರ್ನಾಳ ಎರಡೂ ಕೈಗಳನ್ನು ಹಿಡಿದು ಕೆಳಗೆ ಒತ್ತಿದಳು. ಚಪ್ಪಾಳೆ ಅರ್ಧದಲ್ಲೇ ನಿಂತಿತು.

"ಎಂತ ಮಾರಾಯ್ತಿ, ನಿನಗೇ ತಟ್ಟುವುದು!"

"ಗೊತ್ತುಂಟು. ಅದಕ್ಕೇ ಬೇಡ."

ಓದು-ಬರಹ ಕಲಿಸುವ ಸ್ವಯಂಸೇವಕರು ತಿಂಗಳಿಗೊಮ್ಮೆ ಉಡುಪಿಯ ಗ್ರಂಥಾಲಯದ ಮಹಡಿಯಲ್ಲಿ ಸೇರಿ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಸಭೆ ಅದು. ಚಹಾದ ಜೊತೆಗಿದ್ದ ಗೋಳಿಬಜೆ ಮುಗಿದಿತ್ತು, ಧೈರ್ಯ ಹೇಳುವುದು ಇನ್ನೂ ನಡೆದಿತ್ತು. ಅಲೆವೂರಿನ ವಿಲ್ಮಾ ಒಂದೇ ವರ್ಷದಲ್ಲಿ ಮೂರು ತರಗತಿ ಆರಂಭಿಸಿದ್ದಾಳೆಂದು ತರಗತಿಗಳನ್ನು ಹಂಚುವ ನಿವೃತ್ತ ಹೆಡ್‌ಮಾಸ್ಟರ್ ಆಂಟನಿ ಸರ್ ಆಗಷ್ಟೇ ಸಾರಿದ್ದರು.

ಆರಂಭಿಸಿದ್ದು ನಿಜ. ಮುಗಿಸಿದ್ದು ಒಂದೂ ಇಲ್ಲ. ಅವಳ ಬಳಿ ಕಲಿಯುವವರು ಉತ್ತರ ಕರ್ನಾಟಕದಿಂದ ಬಂದ ಕಟ್ಟಡ ಕೆಲಸದವರು. ಮೂರನೆಯ ಪಾಠಕ್ಕೆ ಬರುವಷ್ಟರಲ್ಲಿ ಅಲ್ಲಿನ ಕೆಲಸ ಮುಗಿದು, ಶೆಡ್ಡು ಕಿತ್ತು, ಬೇರೆ ಊರಿಗೆ ಹೊರಟುಬಿಡುತ್ತಿದ್ದರು. ತರಗತಿ ಮಾತ್ರ ಪಟ್ಟಿಯಲ್ಲಿ ಅಲೆವೂರಿನ ಹೆಸರಿನಲ್ಲೇ ಉಳಿಯುತ್ತಿತ್ತು. ಹೊಸಬರು ಬಂದರೆ ಮತ್ತೆ ಅ, ಆ.

ಈಗ ಅವಳ ಬಳಿ ಕಲಿಯುತ್ತಿದ್ದ ರೇಣುಕವ್ವನ ತಂಡ ಕಾರ್ಕಳಕ್ಕೆ ಹೊರಟಿತ್ತು. ಮೊನ್ನೆಯಷ್ಟೇ ಅವಳು ಬಸ್ಸಿನ ಬೋರ್ಡನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಯಾರನ್ನೂ ಕೇಳದೆ ಹತ್ತಿ ಕೂತಿದ್ದಳು. ಆಮೇಲೆ ವಿಲ್ಮಾಳ ಸೆರಗು ಹಿಡಿದು ಕೇಳಿದ್ದಳು: "ಅಲ್ಲಿ ಯಾರ ಕಲಸ್ತಾರ್ರೀ ಅಕ್ಕೋರ? ಬಿಟ್ರ ಮರತ ಹೋಗತೈತಿ."

"ಲೊರ್ನಾ ಬಾಯಿ, ನೀನು ಕಾರ್ಕಳದವಳಲ್ವಾ?" ಎಂದು ವಿಲ್ಮಾ ಈಗ ಕೇಳಿದಳು. "ಸಂಜೆ ರೇಣುಕವ್ವನವರ ಶೆಡ್ಡಿಗೆ ಹೋಗಿ ಕಲಿಸು."

"ನನ್ನ ತರಗತಿ ಅಲ್ಲಿನ ಲೈಬ್ರೆರಿಯಲ್ಲಿ. ನಾಲ್ಕು ಗಂಟೆಗೆ ಬರಲಿಕ್ಕೆ ಹೇಳು."

"ನಾಲ್ಕಕ್ಕೆ ಅವಳ ತಲೆ ಮೇಲೆ ಜಲ್ಲಿ ಬುಟ್ಟಿ ಇರ್ತದೆ."

"ಶೆಡ್ಡಿಗೆಲ್ಲ ಹೋದರೆ ಮನೆಯಲ್ಲಿ ಕೊಲ್ತಾರೆ ನನ್ನನ್ನು. ಮದುವೆ ಮಾತು ನಡೀತಾ ಉಂಟು."

ವಿಲ್ಮಾ ಎದ್ದು ನಿಂತಳು. "ಹಾಗಾದರೆ ನಾನೇ ಹೋಗ್ತೇನೆ ಸರ್. ನನ್ನ ತರಗತಿಯನ್ನು ಕಾರ್ಕಳಕ್ಕೆ ಬದಲಿಸಿ ಕೊಡಿ."

"ಆಗ ಅಲೆವೂರು ಮುಚ್ಚಿದ ಹಾಗಾಗ್ತದಲ್ಲ? ಮೇಲಿನವರಿಗೆ ನಾನೆಂತ ಹೇಳುವುದು?"

"ಜನ ಹೋದರು ಅಂತ ಹೇಳಿ. ತರಗತಿ ಇರುವುದು ಜನರಿಗಾ, ಊರಿಗಾ?"

ಹಿಂದಿನ ಸಾಲಿನಿಂದ ಇನ್ನೊಬ್ಬ ಸ್ವಯಂಸೇವಕ ಜೆಫ್ರಿ, "ಮನಸ್ಸಿನ ಬೇಜಾರು ಹೊರಗೆ ಹಾಕಿದ್ದು ಒಳ್ಳೆಯದಾಯಿತು" ಎಂದ. ಯಾರು ಮಾತಾಡಿದರೂ ಕೊನೆಗೆ ಚಪ್ಪಾಳೆ ತಟ್ಟುವುದು ಸಭೆಯ ನಿಯಮ. ಎಲ್ಲರೂ ತಟ್ಟಿದರು. ವಿಲ್ಮಾಳಿಗೆ ಕೆನ್ನೆಗೆ ಹೊಡೆದಂತಾಯಿತು.

ಆಂಟನಿ ಸರ್ ಹೊಸ ಪಾಠಪುಸ್ತಕಗಳ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವಳೆದುರು ಬಂದರು. ಮುಖದಲ್ಲಿ ನಿಜವಾದ ಪ್ರೀತಿಯೇ ಇತ್ತು. ಅದೇ ಅವಳನ್ನು ಇನ್ನಷ್ಟು ರೇಗಿಸಿತು.

"ಅಲೆವೂರಿನಲ್ಲಿ ಇನ್ನೊಂದು ಕಟ್ಟಡಕ್ಕೆ ಪಾಯ ತೆಗೆದಿದ್ದಾರೆ. ಹೊಸ ಜನ ಬಂದಿದ್ದಾರೆ. ನಿನ್ನಷ್ಟು ಚೆನ್ನಾಗಿ ಅ, ಆ ಹೇಳಿಕೊಡುವವರು ಇಲ್ಲಿ ಯಾರಿದ್ದಾರೆ? ಈ ಸಲ ಜೆಫ್ರಿಯೂ ಜೊತೆಗಿರ್ತಾನೆ. ಹಿಡಿ."

"ಬೇಡ ಸರ್."

"ಬೇಡ ಅಂದರೆ? ಆಲೋಚನೆ ಮಾಡಿ ಹೇಳು ಮಾರಾಯ್ತಿ."

"ಮಾಡಿಯೇ ಹೇಳಿದ್ದು. ಮೂರನೆಯ ಪಾಠಕ್ಕೇ ನಿಲ್ಲುವ ತರಗತಿ ಇನ್ನು ನಾನು ತೆಗೆದುಕೊಳ್ಳುವುದಿಲ್ಲ."