ಏರಿಯ ಮಣ್ಣು

ಕುಸುಮಾಳ ಪಿಕಾಸಿ ಪ್ಲಾಟ್‌ಫಾರ್ಮಿನ ಸಿಮೆಂಟಿಗೆ ನಾಲ್ಕನೆಯ ಸಲ ಬಿದ್ದಾಗ ರೈಲ್ವೆ ಪೊಲೀಸನ ಲಾಠಿ ಅವಳ ಬೆನ್ನಿಗೆ ಬಿತ್ತು. ಅವಳು ತಿರುಗಲಿಲ್ಲ. ಕಲ್ಲುಬೆಂಚಿನ ಪಕ್ಕ ಚಟ್ಟದ ಮೇಲೆ ಅವಳಪ್ಪ ಬೆಳ್ಳಿಯಪ್ಪ ಮಲಗಿದ್ದ.

"ಸರ್ಕಾರಿ ಜಾಗ ಅಗೀತೀಯಾ? ಹೆಣ ಎತ್ಕೊಂಡು ನಡಿ."

"ನಮ್ಮ ಕೇರಿ ಸುಡುಗಾಡು ಸ್ವಾಮಿ ಇದು. ಈ ಬೆಂಚಿನ ಕೆಳಗೆ ನಮ್ಮವ್ವ ಇದಾಳೆ. ಅವಳ ಮಗ್ಗುಲಲ್ಲೇ ಮಣ್ಣು ಮಾಡ್ತೀನಿ ಅಂತ ಅಪ್ಪಂಗೆ ಮಾತು ಕೊಟ್ಟಿದೀನಿ."

"ಬಿಡು ಮಗಾ, ಬೇರೆ ಕಡೆ ನೋಡಣ," ಚಿಕ್ಕಪ್ಪ ರೇವಣ್ಣ ನೆಲ ನೋಡುತ್ತ ಅಂದ.

"ಯಾಕೆ ಬಿಡ್ಬೇಕು ಮಾರಾಯ?" ನೆರೆಮನೆಯ ಅಂಜನಮ್ಮ ಮುಂದೆ ಬಂದಳು. "ಹೆಂಡ್ತಿ ಮಲಗಿರೋ ಜಾಗ ಅಂತ ಬೆಳ್ಳಿಯಪ್ಪ ಹನ್ನೆರಡು ವರ್ಷ ಸಂಬಳ ಇಲ್ದೆ ಇಲ್ಲಿ ಕಸ ಗುಡಿಸ್ದ. ಆಗ ಸರ್ಕಾರಿ ಜಾಗ ಅಂತ ಯಾರೂ ಅನ್ಲಿಲ್ಲ."

ಪೊಲೀಸ ಮತ್ತೆ ಲಾಠಿ ಬೀಸಿದ. ಈ ಸಲ ಕುಸುಮಾಳ ಹಣೆ ಒಡೆಯಿತು.

*

ಹಳಿ ಬಂದ ವರ್ಷ ಕಂಟ್ರಾಕ್ಟರ್ ಕೇರಿಯವರನ್ನೇ ಕೂಲಿಗೆ ಕರೆದಿದ್ದ. ಸುಡುಗಾಡು ಮುಟ್ಟುವುದಿಲ್ಲ ಎಂದಿದ್ದ. ಮೂರನೆಯ ದಿನ ಜೆಸಿಬಿ ನುಗ್ಗಿತು. ಬೆಳ್ಳಿಯಪ್ಪ ಜಲ್ಲಿ ಬುಟ್ಟಿ ಎಸೆದು ಅದಕ್ಕೆ ಅಡ್ಡ ನಿಂತ. ಕಂಟ್ರಾಕ್ಟರನ ಆಳುಗಳು ಹಾರೆಯಿಂದ ಅವನ ಮೊಣಕಾಲು ಜಜ್ಜಿದರು. ಅವನು ಕೋಲೂರಿ ಬರುವ ಹೊತ್ತಿಗೆ ಸ್ಟೇಷನ್ನು ಎದ್ದು ನಿಂತಿತ್ತು. ಸುಡುಗಾಡಿನಲ್ಲಿ ಉಳಿದಿದ್ದ ಹುಣಸೆ ಮರದ ಬುಡದಿಂದ ಹನ್ನೊಂದು ಹೆಜ್ಜೆ ಕುಂಟಿ, ಕಲ್ಲುಬೆಂಚಿನ ಹತ್ತಿರ ನಿಂತು, "ಇಲ್ಲೇ ಕಣೆ ನಿಮ್ಮವ್ವ," ಅಂತ ಮಗಳಿಗೆ ಅಂದಿದ್ದ.

*

ಚಟ್ಟದ ಹಿಂದೆ ಬಂದಿದ್ದ ಕೇರಿಯ ಹೆಂಗಸರು ಲಾಠಿ ಕಿತ್ತು ಪೊಲೀಸನನ್ನು ಕಂಬಕ್ಕೆ ಒತ್ತಿ ಹಿಡಿದರು. ಕುಸುಮಾ ಎದೆಮಟ್ಟ ಅಗೆದಳು. ಕ್ವಾರಿ ಧೂಳು, ಒಡಕು ಇಟ್ಟಿಗೆ, ಒಂದು ಮೂಳೆಯೂ ಇಲ್ಲ.

ರೇವಣ್ಣ ಗುಂಡಿಯ ಅಂಚಿಗೆ ಕುಸಿದ. "ಅವಳು ಇಲ್ಲಿಲ್ಲ ಮಗಾ. ಸುಡುಗಾಡಿನ ಮಣ್ಣನ್ನ ಟಿಪ್ಪರಿಗೆ ತುಂಬಿದೋನು ನಾನೇ. ಮೂಳೆ ಸಮೇತ ಹಳಿ ಕೂರಿಸೋ ಏರಿಗೆ ಸುರಿದ್ರು."

"ಅಪ್ಪಂಗೆ ಹೇಳಿದ್ಯಾ?"

"ಯಾವ ಬಾಯಲ್ಲಿ ಹೇಳ್ಲಿ? ಕೂಲಿ ಉಂಡಿದ್ದೆ."

ಅವಳು ಮೇಲೆ ಬಂದು ಅವನ ಕೆನ್ನೆಗೆ ಹೊಡೆದಳು. "ಏರೀಲಿ ಎಲ್ಲಿ?"

"ಸಿಗ್ನಲ್ ಕಂಬದ ತನಕ. ಉದ್ದಕ್ಕೂ."

"ಚಟ್ಟ ಎತ್ತಿ. ಏರೀಲೇ ಮಣ್ಣು ಮಾಡ್ತೀನಿ," ಅಂದಳು ಕುಸುಮಾ.

ಚಿಕ್ಕಮಗಳೂರಿನ ರೈಲು ತಿರುವಿನಲ್ಲಿ ಕೂಗಿದಾಗ ಬೆಳ್ಳಿಯಪ್ಪ ಚಟ್ಟದ ಸಮೇತ ಹಳಿಗಳಿಗೆ ಅಡ್ಡ ಮಲಗಿದ್ದ. ಚಕ್ರಗಳು ಕಿಡಿ ಕಾರುತ್ತ ಉಜ್ಜಿ, ಅವನಿಂದ ಎರಡು ಮಾರು ದೂರದಲ್ಲಿ ನಿಂತವು. ಇಂಜಿನ್ನಿನ ಬಿಸಿಯುಸಿರಿಗೆ ಹೆಣದ ಮೇಲಿನ ಬಿಳಿ ಬಟ್ಟೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಏರಿಯ ಮಗ್ಗುಲಲ್ಲಿ ಕುಸುಮಾ ಬಾಯಿಗಿಳಿದ ರಕ್ತವನ್ನು ಉಗುಳಿ ಉಗುಳಿ ಅಗೆಯುತ್ತಿದ್ದಳು. ಒಂದೊಂದು ಏಟಿಗೂ ಹಳಿಯ ಕೆಳಗಿನ ಜಲ್ಲಿ ಸಡಿಲಗೊಂಡು, ಕಲ್ಲಿನ ಹಿಂದೆ ಕಲ್ಲು, ಅವಳ ಕಾಲ ಬಳಿಗೆ ಉರುಳಿ ಬರುತ್ತಿತ್ತು.