ಮಂಜು ಕುಡಿದ ಕಾಯಿ

ಐರಣಿಯ ಹೊಳೆದಂಡೆಯಲ್ಲಿ ಶಶಿಕಾಂತ ಕ್ಯಾಮೆರಾದ ಮುಚ್ಚಳ ತೆಗೆದ, ಕಣ್ಣಿಗೆ ಹಚ್ಚಿದ, ಮತ್ತೆ ಮುಚ್ಚಳ ಹಾಕಿದ. ಇದು ನಾಲ್ಕನೆಯ ಸಲ. ತುಂಗಭದ್ರೆಯ ಮೇಲೆ ಮಂಜು ಮಲಗಿತ್ತು, ಆಚೆ ದಡದ ಸುಳಿವೇ ಇರಲಿಲ್ಲ. ನೀರಿನ ನಡುವೆ ಒಂದು ಬಂಡೆ, ಬಂಡೆಯ ಮೇಲೊಂದು ಬೆಳ್ಳಕ್ಕಿ. ಅದೂ ಅರ್ಧ ಇತ್ತು, ಅರ್ಧ ಇರಲಿಲ್ಲ. ಹೋದ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಅವನು ಮೊಣಕಾಲುದ್ದ ನೀರಿಗಿಳಿದು, ಚಪ್ಪಲಿ ಎಲ್ಲಿ ಬಿಟ್ಟೆನೆಂಬುದನ್ನೂ ಮರೆತಿರುತ್ತಿದ್ದ. ಈಗ ಬೆರಳು ಏಳಲೊಲ್ಲದು. ಅಭ್ಯಾಸಬಲದಿಂದ ನಸುಕಿನಲ್ಲೇ ಗಾಡಿ ಹತ್ತಿ ಬಂದಿದ್ದ, ಅಷ್ಟೇ.

ಬ್ಯಾಡಗಿಯ ಸ್ಟೇಶನ್ ರೋಡಿನಲ್ಲಿ ಮೂವತ್ತು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡ ಮನುಷ್ಯ. ಹೊಟ್ಟೆ ಹೊರೆದದ್ದು ಲಗ್ನಗಳು. ಲಗ್ನದ ಆಲ್ಬಮ್ಮನ್ನು ಯಾರೂ ನೋಡುವುದಿಲ್ಲ, ಅದರೊಳಗೆ ತಮ್ಮ ತಮ್ಮ ಮುಖ ಹುಡುಕಿಕೊಂಡು ಮುಚ್ಚಿಡುತ್ತಾರೆ ಎಂಬುದು ಅವನಿಗೆ ಮೊದಲ ವರ್ಷವೇ ತಿಳಿದುಹೋಗಿತ್ತು. ಧನುರ್ಮಾಸ ಬಂತೆಂದರೆ ಲಗ್ನ ಬಂದ್. ಉಳಿದ ಸ್ಟುಡಿಯೋದವರು ಆ ತಿಂಗಳು ಪೂರ್ತಿ ಕಟ್ಟೆಯ ಮೇಲೆ ಕೂತು ಆಕಳಿಸಿದರೆ ಶಶಿಕಾಂತ ವರ್ಷವಿಡೀ ಅದಕ್ಕಾಗಿಯೇ ಕಾಯುತ್ತಿದ್ದ. ಆ ಒಂದು ತಿಂಗಳು ಅವನ ಸ್ವಂತದ್ದು.

ಅವನಿಗೆ ಚಳಿಗಾಲದ ಹುಚ್ಚು. ಬೇಸಿಗೆಯ ಬೆಳಕು ಕಪಾಳಕ್ಕೆ ಹೊಡೆದಂತೆ ಬೀಳುತ್ತದೆ, ಮಳೆಗಾಲದ್ದು ಮುಖ ಗಂಟು ಹಾಕಿಕೊಂಡೇ ಇರುತ್ತದೆ. ಚಳಿಗಾಲದ ಬಿಸಿಲು ಮಾತ್ರ ಬಾಗಿಲಲ್ಲಿ ನಿಂತು, ಬರಲೇ ಎಂದು ಕೇಳಿ ಒಳಗೆ ಬರುತ್ತದೆ ಎನ್ನುತ್ತಿದ್ದ. ಮಂಜು ಬಿದ್ದ ದಿನ ಫ್ಲೆಕ್ಸುಗಳಿಲ್ಲ, ಟವರುಗಳಿಲ್ಲ, ರಸ್ತೆಬದಿಯ ಪ್ಲಾಸ್ಟಿಕ್ ಇಲ್ಲ. ದಿನವಿಡೀ ಮೆಣಸಿನಕಾಯಿಯ ಘಾಟಿಗೆ ಸೀನುವ ಬ್ಯಾಡಗಿಯಂಥ ಬ್ಯಾಡಗಿಯೂ ಬೆಳಗಿನ ಏಳು ಗಂಟೆಗೆ ಈಗಷ್ಟೇ ಹುಟ್ಟಿದ ಊರಿನ ಹಾಗಿರುತ್ತದೆ. "ಮಂಜಿನಷ್ಟ ಸಭ್ಯ ಯಾವದೂ ಇಲ್ಲ ನೋಡ್ರಿ. ಬರತೈತಿ, ಹೋಗತೈತಿ, ಯಾರಿಗೂ ಏನೂ ಕೆಡಸಂಗಿಲ್ಲ," ಎಂದು ಸ್ಟುಡಿಯೋಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತು ನೆನಪಾದರೆ ಈಗ ಅವನಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯ ಬರುತ್ತದೆ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರವೀಣಕುಮಾರ.

"ಶಶಿಕಾಂತಣ್ಣಾರ, ಕ್ಯಾಲೆಂಡರ್ ಬಂದಾವ್ರಿ! ಹಳ್ಯಾಗಿನ ಅಂಗಡಿಗೋಳಿಗೆ ನಿನ್ನೇನ ಕಳಿಸೇವಿ. ನಿಮ್ಮ ಪಾಲಿಂದು ತಗದ ಇಟ್ಟೇನಿ, ಲಗೂ ಬರ್ರಿ."

ರಾಣೇಬೆನ್ನೂರು ದಾಟಿ ಬ್ಯಾಡಗಿ ಮುಟ್ಟುವಷ್ಟರಲ್ಲಿ ಬಿಸಿಲು ಬಂದಿತ್ತು. ಪ್ರವೀಣಕುಮಾರನ ಅಂಗಡಿಯಲ್ಲಿ ಕ್ಯಾಲೆಂಡರಿನ ಕಟ್ಟುಗಳು ಚೀಲಗಳ ಮೇಲೆ ಕೂತಿದ್ದವು. ಒಂದನ್ನು ಬಿಡಿಸಿ ಗೋಡೆಗೆ ಹಿಡಿದು ಅವನು ಹಿಗ್ಗಿಹೋದ. "ಏನ್ ಬಣ್ಣಾರೀ ಇದು! ಮಂಜಿನೊಳಗ ಕೆಂಡ ಹಾಸಿದಂಗ ಐತಿ. ಈ ಸಲಾನೂ ಹಿಂಥಾದ ಒಂದು ಹೊಡದ ಕೊಡ್ರಿ, ಮುಂದಿನ ವರ್ಷಕ್ಕ ಇಡೋಣು."

ಸಗಣಿ ಸಾರಿಸಿದ ಕಣ. ಅದರ ಮೇಲೆ ಒಂದಕ್ಕೊಂದು ತಾಕದಂತೆ ಸಾಲುಸಾಲಾಗಿ ಇಟ್ಟ ಕೆಂಪು ಮೆಣಸಿನಕಾಯಿ, ಪ್ರತಿ ಕಾಯಿಯ ಸುಕ್ಕಿನಲ್ಲೂ ಇಬ್ಬನಿಯ ಹನಿ. ಸಾಲುಗಳು ದೂರ ಹೋದಂತೆಲ್ಲ ಮಸುಕಾಗಿ ಕಡೆಗೆ ಮಂಜಿನಲ್ಲಿ ಕರಗಿದ್ದವು. ಶಶಿಕಾಂತನ ಜೀವಮಾನದಲ್ಲೇ ಇಷ್ಟು ಚೆಂದದ ಫೋಟೋ ಇನ್ನೊಂದಿಲ್ಲ. ಅದು ಅವನಿಗೂ ಗೊತ್ತು. ಅದೇ ಅವನನ್ನು ಹಗಲಿರುಳು ತಿನ್ನುವ ಸಂಗತಿ.

ಆ ಕಾಯಿ ಅವನ ಅಕ್ಕ ಗದಿಗೆವ್ವನವು. ಹೊಸರಿತ್ತಿಗೆ ಕೊಟ್ಟ ಅಕ್ಕ. ಮದುವೆಯಾಗಿ ಹೊರಟ ದಿನ ಅವ್ವ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆಗೆ ಒಂದು ಹಿಡಿ ಒಣಮೆಣಸಿನಕಾಯಿಯನ್ನೂ ಹಾಕಿದ್ದಳು, ಬೀಜಕ್ಕೆಂದು. ನಲವತ್ತೈದು ವರ್ಷ ಗದಿಗೆವ್ವ ಅದೇ ಬೀಜದ ಕಾಯಿ ಬೆಳೆದಳು. ಸುತ್ತಲಿನವರೆಲ್ಲ ಪಾಕೀಟಿನ ಬೀಜಕ್ಕೆ ಹೋದರೂ ಇವಳು ಹೋಗಲಿಲ್ಲ. ಮನೆಯವರೆಲ್ಲ ಅದಕ್ಕೆ ಅವ್ವನ ಕಾಯಿ ಎಂದೇ ಅನ್ನುತ್ತಿದ್ದರು. ಬೀಜಕ್ಕೆ ಎರಡು ಸಲ ಆರಿಸುವುದು ಅವಳ ಪದ್ಧತಿ, ಗಿಡದ ಮೇಲೊಮ್ಮೆ, ಒಣಗಿದ ಮೇಲೊಮ್ಮೆ. ನೂರರಲ್ಲಿ ಹತ್ತು ನಿಂತರೆ ಹೆಚ್ಚು. ಕಣದಲ್ಲಿ ಹರವಿದ ಆ ಕಾಯಿಗಳನ್ನು ಹೊತ್ತು ಮುಳುಗುವ ಮುಂಚೆ ಒಂದೊಂದಾಗಿ ಎತ್ತಿ ಒಳಗೆ ತರಬೇಕು, ಅವುಗಳಿಗೆ ಮಂಜು ತಾಗಬಾರದು. ಇದು ಅವ್ವನಿಂದ ಬಂದ ಕಟ್ಟಳೆ.

ಹೋದ ವರ್ಷ ಧನುರ್ಮಾಸದಲ್ಲಿ ಅಕ್ಕನ ಮನೆಯಲ್ಲಿದ್ದಾಗ ಶಶಿಕಾಂತ ಆ ಸಾಲುಗಳನ್ನು ಕಂಡ. ಕಂಡವನಿಗೆ ಊಟ ಸೇರಲಿಲ್ಲ.

"ಅಕ್ಕಾ, ಇವತ್ತೊಂದಿನ ಹೊರಗ ಬಿಡು. ಮುಂಜಾನೆ ಮಂಜಿನ್ಯಾಗ ಒಂದ ಫೋಟೋ ತಕ್ಕೊಂತೇನಿ."

"ಬೀಜದ ಕಾಯಿ ಮಂಜ ಕುಡೀಬಾರದೋ ಶಶಿ. ಅವ್ವ ಹೇಳಿದ್ದು ಮರತಿ ಏನ?"

"ಒಂದ ರಾತ್ರ್ಯಾಗ ಏನಾಕ್ಕೈತಿ? ಮರದಿನ ಬಿಸಲಿಗೆ ಒಣಗತಾವ."

ಮೂರು ಸಲ ಒಲ್ಲೆ ಅಂದಳು. ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ, ಕೈಹಿಡಿದು ಚಿಕ್ಕ ಹುಡುಗನ ಹಾಗೆ ಬೇಡುತ್ತಿದ್ದಾನೆ. ನಾಲ್ಕನೆಯ ಸಲ ಹೂಂ ಅಂದಳು. ಮರುದಿನ ಮಂಜು ಬಿತ್ತು, ಆದರೆ ಬೆಳಕು ಸರಿಯಾಗಲಿಲ್ಲ. ಇನ್ನೊಂದು ರಾತ್ರಿ ಕೇಳಿದ. ಆ ದಿನ ಮಂಜು ತೆಳುವಾಯಿತು. ಮತ್ತೊಂದು ರಾತ್ರಿ ಕೇಳಿದ. ಅತಿ ಆಸೆ ಗತಿಗೇಡು ಎಂದು ಶಾಲೆಯಲ್ಲಿ ಬರೆದು ಬರೆದು ಕೈ ನೋಯಿಸಿಕೊಂಡವನೇ. ಮೂರನೆಯ ಬೆಳಗು ಅವನು ಕೇಳಿದ್ದೆಲ್ಲ ಸಿಕ್ಕಿತು. ಫೋಟೋ ಹೊಡೆದು ಹೊತ್ತೇರುವುದರೊಳಗೆ ಬ್ಯಾಡಗಿಗೆ ಹೊರಟುಬಿಟ್ಟ. ಮಧ್ಯಾಹ್ನ ಮೋಡ ಕವಿಯಿತು, ತುಂತುರು ಹನಿಯಿತು, ಐದು ದಿನ ಬಿಸಿಲೇ ಬೀಳಲಿಲ್ಲ. ಸ್ಟುಡಿಯೋದಲ್ಲಿ ಕೂತು ಫೋಟೋದ ಕೆಂಪು ತಿದ್ದುತ್ತಿದ್ದ ಶಶಿಕಾಂತ ಮುಗಿಲ ಕಡೆ ಕತ್ತೆತ್ತಿ ನೋಡಲೂ ಇಲ್ಲ.

ಕಾಯಿ ಆಮೇಲೆ ಒಣಗಿದವು. ಮೇಲೆ ನೋಡಿದರೆ ಬಣ್ಣ ಕಡಿಮೆಯಾಗಿರಲಿಲ್ಲ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜವೂ ಸಪ್ಪಳ ಮಾಡುತ್ತಿತ್ತು. ಗದಿಗೆವ್ವ ಆರಿಸಿ, ಬೂದಿ ಹಾಕಿ ಗಡಿಗೆಗೆ ತುಂಬಿದಳು. ಮುಂಗಾರಿನಲ್ಲಿ ಕಾಯಿ ಒಡೆದರೆ ಒಳಗೆಲ್ಲ ಬೂಸ್ಟು. ಆದರೂ ಮಡಿ ಮಾಡಿ ಬೀಜ ಹಾಕಿದಳು, ದಿನಾ ಎರಡು ಹೊತ್ತು ನೀರು ಚಿಮುಕಿಸಿದಳು, ಇಪ್ಪತ್ತು ದಿನ ಮಣ್ಣು ನೋಡಿದಳು. ಆಮೇಲೆ ಫೋನು ಮಾಡಿ, "ಬೀಜ ಹುಟ್ಟಲಿಲ್ಲೋ ಶಶಿ," ಅಂದಳು.

"ಹಿಂದಿನ ವರ್ಷದ್ದು ಒಂದೀಟೂ ಉಳದಿಲ್ಲೇನ ಅಕ್ಕಾ?"

"ಹೊಸಾದು ಗಡಿಗಿಗೆ ಬಿದ್ದ ದಿನಾನ ಹಳೇದು ಖಾರಪುಡಿ ಆಕ್ಕೈತೆಲ್ಲೋ. ಭಾರತ ಹುಣ್ಣಿವಿಗೆ ಬಂದಾಗ ಎಣಗಾಯಿ ಛಲೋ ಆಗೇತಿ ಅಂತ ಎರಡೆರಡು ಸಲ ಹಾಕಿಸ್ಕೊಂಡ ಉಂಡಿ ನೋಡು, ಅದ."

ಬೈದಿದ್ದರೆ ಬದುಕುತ್ತಿದ್ದ. ಅವಳು ಬೈಯಲಿಲ್ಲ. ಅಂದಿನಿಂದ ಆರು ತಿಂಗಳು ಅವನು ಹೊಸರಿತ್ತಿಯ ದಾರಿ ತುಳಿಯಲಿಲ್ಲ. ಫೋಟೋವನ್ನು ಅದಕ್ಕೂ ಮೊದಲೇ ಪ್ರವೀಣಕುಮಾರನಿಗೆ ಕೊಟ್ಟಾಗಿತ್ತು. ವಾಪಸು ಕೇಳಲು ಬಾಯಿ ಬರಲಿಲ್ಲ, ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಅಂಗಡಿಯಿಂದ ಹೊರಬಿದ್ದು ಗಾಡಿಗೆ ಕೀಲಿ ಹಾಕುವಷ್ಟರಲ್ಲಿ ಅಕ್ಕನ ಫೋನು ಬಂತು.

"ಚಮನಸಾಬನ ಅಂಗಡ್ಯಾಗ ನಮ್ಮ ಕಾಯಿ ತೂಗಬಿದ್ದಾವಂತ. ಓಣ್ಯಾಗಿನವರೆಲ್ಲಾ ನೋಡಿ ಬಂದ್ರು. ನನಗೊಂದ ತಂದ ಕೊಡಾಕ ಬರಂಗಿಲ್ಲೇನ?"

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹಾವೇರಿ ದಾಟಿ ಹೊಸರಿತ್ತಿಗೆ ಹೋಗುವವರೆಗೂ ಹೇಳಬೇಕಾದ ಮಾತನ್ನು ಮತ್ತೆ ಮತ್ತೆ ಜೋಡಿಸಿದ. ಗದಿಗೆವ್ವ ಹೊಲದಲ್ಲಿದ್ದಳು. ಬದುವಿನ ಈಚೆ ಪಾಕೀಟಿನ ಬೀಜದ ಗಿಡಗಳು ಎದೆಮಟ್ಟ ಬೆಳೆದು ಕಾಯಿಯ ಭಾರಕ್ಕೆ ಬಾಗಿದ್ದವು. ಅವಳು ಅವುಗಳ ನಡುವೆ ಯಾರದೋ ಮನೆಗೆ ಬಂದವಳಂತೆ ನಿಂತಿದ್ದಳು. ಆರು ತಿಂಗಳಲ್ಲಿ ಅಕ್ಕ ಬಹಳ ಸಣ್ಣಗಾಗಿದ್ದಳು.

"ಬಾಳ ಹಿಡದಾವಲ್ಲ ಅಕ್ಕಾ," ಅಂದ, ಏನಾದರೂ ಅನ್ನಬೇಕಲ್ಲ ಎಂದು.

"ಹಿಡದಾವ. ಬೀಜಕ್ಕಿಟ್ಟರ ಮುಂದಿನ ವರ್ಷ ಹಿಂಗ ಬರಂಗಿಲ್ಲಂತ. ಮತ್ತ ಪಾಕೀಟ ತರಬೇಕಂತ. ಆರಿಸೂ ಕೆಲಸ ಇಲ್ಲ ಈಗ ನನಗ."

ಬದುವಿನ ಮೇಲೆ ಕೂತರು. ಶಶಿಕಾಂತ ದಾರಿಯುದ್ದಕ್ಕೂ ಜೋಡಿಸಿದ ಮಾತು ಎಲ್ಲೋ ಉದುರಿಹೋಗಿತ್ತು. "ನನ್ನ ತಪ್ಪಾತು ಅಕ್ಕಾ. ಆ ಫೋಟೋದ ಸಲುವಾಗಿ ನಿನ್ನ ಮನಿ ಹಾಳ ಮಾಡಿದೆ," ಎಂದಷ್ಟೇ ಅಂದ.

ಅವಳು ಅವನ ಮುಖ ನೋಡಲಿಲ್ಲ. "ಅವ್ವ ಹಾಕಿದ್ದು ನನ್ನ ಉಡ್ಯಾಗ, ನಿನ್ನ ಕೈಯಾಗ ಅಲ್ಲ. ಹೂಂ ಅಂದಾಕಿ ನಾನು," ಅಂದಳು. ಆ ತಪ್ಪಿನಲ್ಲಿ ಅವನಿಗೊಂದು ಪಾಲನ್ನೂ ಅವಳು ಬಿಡಲಿಲ್ಲ. ಅವನಿಗೆ ಅಳುವುದಕ್ಕೂ ಜಾಗವಿಲ್ಲದಂತಾಯಿತು.

"ಎಲ್ಲಿ, ತಗಿ."

ಕ್ಯಾಲೆಂಡರಿನ ಸುರುಳಿ ಬಿಚ್ಚಿ ಅವಳ ತೊಡೆಯ ಮೇಲೆ ಹರವಿ, ಸುತ್ತಿಕೊಳ್ಳದಂತೆ ಎರಡು ಮೂಲೆಗೆ ಎರಡು ಮಣ್ಣಿನ ಹೆಂಟೆ ಇಟ್ಟ. ಗದಿಗೆವ್ವ ಚಾಳೀಸು ಮೂಗಿಗೇರಿಸಿಕೊಂಡಳು. ಆಮೇಲೆ ಮುಂದಿನ ಸಾಲಿನ ಮೊದಲ ಕಾಯಿಯ ಮೇಲೆ ಬೆರಳಿಟ್ಟಳು.

"ಇದು ಬೀಜಕ್ಕ," ಅಂದಳು.

ಬೆರಳು ಮುಂದಿನದಕ್ಕೆ ಸರಿಯಿತು. "ಇದು ಬ್ಯಾಡ, ತೊಟ್ಟು ಸಣ್ಣದೈತಿ. ಇದೂ ಬ್ಯಾಡ. ಇದು ಬೀಜಕ್ಕ. ಸುಕ್ಕ ನೋಡು ಹೆಂಗದಾವ, ಅವ್ವನ ಕೈ ಆಗಿದ್ದಂಗ."

ಅವಳು ಅವಸರ ಮಾಡಲಿಲ್ಲ. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ, ಅದು ಮುಗಿಸಿ ಮತ್ತೊಂದಕ್ಕೆ, ಬೀಜಕ್ಕ, ಬ್ಯಾಡ, ಬ್ಯಾಡ, ಬೀಜಕ್ಕ ಎನ್ನುತ್ತ ಹೋದಳು. ಬಿಸಿಲು ಕಾಗದದ ಮೇಲೆ ಬಿದ್ದು ಕೆಂಪು ಹೊಳೆಯುತ್ತಿತ್ತು. ಏಳನೆಯ ಸಾಲಿಗೆ ಬಂದಾಗ ಕಾಯಿಗಳು ಮಸುಕಾದವು. ಎಂಟನೆಯದರಲ್ಲಿ ಬೆರಳು ತಡವರಿಸಿ ನಿಂತಿತು. ಮುಂದೆ ಬರೀ ಬೆಳ್ಳಗೆ.

ಗದಿಗೆವ್ವ ಚಾಳೀಸು ತೆಗೆದು ಒರೆಸಿ ಹಾಕಿಕೊಂಡಳು. ಕಾಗದಕ್ಕೆ ಬಗ್ಗಿ ನೋಡಿದಳು. ಆಮೇಲೆ ಸೆರಗಿನ ತುದಿ ಹಿಡಿದು ಫೋಟೋದೊಳಗಿನ ಆ ಮಂಜನ್ನು ಒರೆಸಿದಳು, ಮತ್ತೊಮ್ಮೆ ಒರೆಸಿದಳು.